ಬಂಗಲೆಯ ಸ್ವಿಚ್ಚು

ಮಾದಮ್ಮ ಮೊಮ್ಮಗಳ ಪಾದದಿಂದ ಮುಳ್ಳು ತೆಗೆಯುತ್ತಿದ್ದಾಗ ದೀಪ ಆರಿತು. ಸೂಜಿ ಜಾರಿ ಮಗು ಚೀರಿತು. ಕರೆಂಟು ಹೋಗಿರಲಿಲ್ಲ, ದಿಬ್ಬದ ಮೇಲೆ ಕಾಫಿ ಎಸ್ಟೇಟಿನ ಒಡೆಯ ಹೂವೇಗೌಡರ ಬಂಗಲೆ ಝಗಝಗಿಸುತ್ತಲೇ ಇತ್ತು. ಕೂಲಿಯವರ ಸಾಲುಮನೆಗಳ ಲೈನಿಗೆಲ್ಲ ಸೇರಿ ಒಂದೇ ಸ್ವಿಚ್ಚು, ಅದೂ ಬಂಗಲೆಯ ಜಗಲಿಯಲ್ಲಿ. ಗೌಡರ ಊಟ ಮುಗಿದರೆ ಲೈನಿಗೆ ಕತ್ತಲೆ.

ಹೆತ್ತೂರಿನಾಚೆ ಹಳ್ಳಕ್ಕೆ ಒಡ್ಡು ಕಟ್ಟಿ ಕರೆಂಟು ತೆಗೆಯುವ ಕಂಪನಿ ಬಂದು ವರ್ಷವಾಗಿತ್ತು. ನೀರಿನ ಪೈಪು ಹಾಯಲೆಂದು ಲೈನಿನವರು ತಮ್ಮ ಹಿತ್ತಲು ಬಿಟ್ಟುಕೊಟ್ಟಿದ್ದರು. ಬದಲಿಗೆ ಮನೆಗೊಂದು ಬಲ್ಬು ಎಂದು ಕಂಪನಿ ಮಾತು ಕೊಟ್ಟಿತ್ತು. ವೈರು ಎಳೆಸುವ ಹೊಣೆ ಗೌಡರದು.

ಬೆಳಿಗ್ಗೆ ಮಾದಮ್ಮ ಜಗಲಿಯ ಕೆಳಗೆ ನಿಂತು ಕೇಳಿದಳು. "ಗೌಡ್ರೇ, ಮನೆಗೊಂದು ಸ್ವಿಚ್ಚು ಹಾಕ್ಸಿಕೊಡಿ. ನಿಮ್ಗೂ ದಿನಾ ಎದ್ದು ಬರೋ ತಾಪತ್ರಯ ತಪ್ತದೆ."

"ನಿಮ್ಮ ಕೈಗೆ ಕೊಟ್ರೆ ಬೆಳಗಾನ ಉರಿಸ್ತೀರ. ಪುಕ್ಕಟೆ ಸಿಕ್ಕಿದ್ದಕ್ಕೆ ಯಜಮಾನಿಕೆ ಬೇರೆ ಬೇಕಾ?"

ಪುಕ್ಕಟೆ ಎಂಬ ಮಾತು ಅವಳಿಗೆ ನಾಟಿತು. ಅವಳ ಹಿತ್ತಲಲ್ಲಿ ಬಸಳೆ ಚಪ್ಪರವಿದ್ದ ಜಾಗದಲ್ಲಿ ಈಗ ಆಳೆತ್ತರದ ಪೈಪು ಮಲಗಿತ್ತು. ದಿಬ್ಬ ಇಳಿದು ಬಂದವಳು ಲೈನಿನ ಒಂದೊಂದು ಬಾಗಿಲಿಗೂ ಹೋಗಿ ಹೆಂಗಸರೊಡನೆ ಮಾತಾಡಿದಳು.

ಶನಿವಾರ ಸಂಜೆ ಕಂಪನಿಯ ಸಾಹೇಬರು ಹೊರಗಿನ ಅತಿಥಿಗಳನ್ನು ಕರೆತಂದರು. ಕೂಲಿಯವರ ಮನೆ ಬೆಳಗುವುದನ್ನು ತೋರಿಸಿ ಫೋಟೊ ತೆಗೆಸಬೇಕಿತ್ತು. ಗೌಡರು ಗತ್ತಿನಿಂದ ಸ್ವಿಚ್ಚು ಒತ್ತಿದರು. ಒಂದು ಮನೆಯೂ ಬೆಳಗಲಿಲ್ಲ. ಮತ್ತೆ ಒತ್ತಿದರು. ಕೊನೆಗೆ ಎಲ್ಲರೂ ದಿಬ್ಬ ಇಳಿದು ಬಂದರು. ಹೆಂಗಸರು ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಬಾಗಿಲ ಮುಂದೆ ಕೂತಿದ್ದರು.

"ಏನು ಕೆಟ್ಟಿದೆಯಮ್ಮಾ?" ಎಂದರು ಸಾಹೇಬರು.

ಮಾದಮ್ಮ ಬಿಚ್ಚಿಟ್ಟುಕೊಂಡಿದ್ದ ಬಲ್ಬನ್ನು ಮಡಿಲಿನಿಂದ ತೆಗೆದು ತೋರಿಸಿದಳು. ಉಳಿದವರ ಮಡಿಲಲ್ಲೂ ಒಂದೊಂದಿತ್ತು. "ಏನೂ ಕೆಟ್ಟಿಲ್ಲ ಸಾಮಿ. ಸ್ವಿಚ್ಚು ಅವ್ರ ಮನೇಲೈತೆ, ಬಲ್ಬು ನಮ್ಮನೇಲೈತೆ."

ಕ್ಯಾಮೆರಾ ಚೀಲದೊಳಗೆ ಹೋಯಿತು. ಸಾಹೇಬರು ಗೌಡರನ್ನು ಪಕ್ಕಕ್ಕೆ ಕರೆದರು.

ಸೋಮವಾರ ಸಕಲೇಶಪುರದಿಂದ ಎಲೆಕ್ಟ್ರಿಷಿಯನ್ ಅಫ್ರೋಜ್ ಬಂದು ಮನೆಮನೆಗೂ ಸ್ವಿಚ್ಚು ಕೂರಿಸಿದ. ಅಂದೇ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಕೆಲಸಕ್ಕೆ ನಿಂತವರ ಸಾಲಿನಿಂದ ಮಾದಮ್ಮನೊಬ್ಬಳನ್ನೇ ಕರೆದ. "ನೀನಿನ್ನು ಹಣ್ಣು ಕೊಯ್ಯೋದು ಬೇಡ. ಗೊಬ್ಬರ ಹೊರೋಕೆ ಹೋಗು. ಗೌಡ್ರು ಹೇಳವ್ರೆ."

ಕತ್ತಲಾದ ಮೇಲೆ ಸೊಂಟ ಹಿಡಿದುಕೊಂಡು ಬಂದವಳು ಮೊಮ್ಮಗಳಿಗೆ ಉಣಿಸಿ ತಾನೂ ಉಂಡಳು, ಅವಸರವಿಲ್ಲದೆ ತಟ್ಟೆ ತೊಳೆದಳು. ಆಮೇಲೆ ಗೋಡೆ ಹಿಡಿದು ಎದ್ದು ತನ್ನ ದೀಪವನ್ನು ತಾನೇ ಆರಿಸಿದಳು.