ನಾಲ್ಕೂ ಮದುವೆಗೆ ಬಂದ ಮುಖ

ಶಂಭುಲಿಂಗ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ತಂಗಿ ಕಾವ್ಯ ಗಡಿಯಾರ ನೋಡುತ್ತಿದ್ದಳು. ಮಧ್ಯಾಹ್ನ ಎರಡೂವರೆ. ನಾಲ್ಕಕ್ಕೆ ಅಕ್ಕಿ ಗಿರಣಿಯ ದೊಡ್ಡಬಸಪ್ಪ ಬರುವವನಿದ್ದ. ಅಷ್ಟರೊಳಗೆ ಒಡವೆ ಕದ್ದವರ ಮುಖ ತೋರಿಸದಿದ್ದರೆ ಅವನು ನೆಟ್ಟಗೆ ಠಾಣೆಗೆ ಹೋಗಿ ಅವಳ ತಾಯಿ ಹಂಪಮ್ಮನ ಹೆಸರು ಬರೆಸುತ್ತಾನೆ.

"ಜಲ್ದಿ ಮಾಡೋ ಅಣ್ಣ."

"ಕಾರ್ಡ್ ಸರಿಯಾಗಿ ಕುಂದ್ರಬೇಕಲ್ಲ. ಮುರಿದ್ರ ಮುಗೀತು."

ಹೊಸಪೇಟೆಯ ಆ ಪುಟ್ಟ ಸ್ಟುಡಿಯೋ ಮೂವರದು. ತಾಯಿ ಮದುಮಗಳಿಗೆ ಜಡೆ ಹೆಣೆದು ಸಿಂಗರಿಸುತ್ತಾಳೆ, ಮಗ ಫೋಟೋ ಹೊಡೆಯುತ್ತಾನೆ, ಮಗಳು ಅವನ್ನು ತಿದ್ದಿ ಆಲ್ಬಮ್ ಮಾಡುತ್ತಾಳೆ. ಈ ಸಲದ ಸೀಸನ್ನಿನಲ್ಲಿ ನಾಲ್ಕು ಮದುವೆಗಳಲ್ಲಿ ಮದುಮಗಳ ಕೋಣೆಯಿಂದ ಒಡವೆ ಹೋಗಿತ್ತು. ಮೊದಲು ಸಂಡೂರು, ಆಮೇಲೆ ಕಂಪ್ಲಿ, ಹಂಪಿ, ಕೊನೆಗೆ ಇಲ್ಲೇ ದೊಡ್ಡಬಸಪ್ಪನ ಮಗಳದು. ನಾಲ್ಕೂ ಕಡೆ ಆ ಕೋಣೆಯಲ್ಲಿದ್ದವಳು ಹಂಪಮ್ಮ. ಜನಕ್ಕೆ ಇನ್ನೇನು ಬೇಕು? ಇಪ್ಪತ್ತು ವರ್ಷ ತಮ್ಮ ಹೆಣ್ಣುಮಕ್ಕಳ ತಲೆಯನ್ನು ಅವಳ ಕೈಗೆ ಒಪ್ಪಿಸಿದವರೇ ಅವಳ ಚೀಲ ಸುರುವಿ ನೋಡಿದರು.

ಹಂಪಮ್ಮ ಬಾಯಿ ಬಿಡಲಿಲ್ಲ. ಕಾವ್ಯಳಿಗೆ ಅದೇ ಸಿಟ್ಟು.

"ನಾ ತೊಗೊಂಡಿಲ್ಲ ಅಂತ ಒಂದ್ಸಲ ಗಟ್ಟಿಯಾಗಿ ಅನ್ನಬಾರದೇನವ್ವ?"

"ಅಂದ್ರ, ಮತ್ತ ಯಾರು ಅಂತ ಕೇಳ್ತಾರ."

ಯಾರು ಅಂತ ಕಂಡುಹಿಡಿಯುವ ದಾರಿ ಕಾವ್ಯಳಿಗೆ ಹೊಳೆದಿತ್ತು. ಮುಖ ಗುರುತಿಸುವ ಸಾಫ್ಟ್‌ವೇರಿಗೆ ನಾಲ್ಕೂ ಮದುವೆಯ ಫೋಟೋ ಹಾಕಿದರೆ, ನಾಲ್ಕಕ್ಕೂ ಬಂದವರು ಯಾರೆಂದು ಅದೇ ಹೇಳುತ್ತದೆ. ಆದರೆ ಹಳೆಯ ಕಂಪ್ಯೂಟರು ಹತ್ತು ಫೋಟೋಗೇ ಏದುಸಿರು ಬಿಡುತ್ತಿತ್ತು. ದೊಡ್ಡ ಫೋಟೋ ತೆರೆಯುವ ತಾಕತ್ತೂ ಅದಕ್ಕಿರಲಿಲ್ಲ. ಕಾವ್ಯ ಎಲ್ಲವನ್ನೂ ಚಿಕ್ಕದು ಮಾಡಿಕೊಂಡೇ ತಿದ್ದುತ್ತಿದ್ದಳು. ಮೊಡವೆ, ಬೆವರು, ಮೂಲೆಯ ಎಂಜಲೆಲೆ, ಕನ್ನಡಿಯಲ್ಲಿ ಬಿದ್ದ ಕ್ಯಾಮೆರಾದವನ ಬಿಂಬ, ಗೋಡೆಯ ಮೇಲಿನ ಹಲ್ಲಿ, ಎಲ್ಲ ಒರೆಸುವುದೇ ಅವಳ ಕೆಲಸ. ಸೀಸನ್ನಿಗೆಂದು ಶಂಭುಲಿಂಗ ತಂದಿಟ್ಟಿದ್ದ ಹೊಸ ಗ್ರಾಫಿಕ್ಸ್ ಕಾರ್ಡು, ಡಿಸ್ಕು ಈಗ ಒದಗಿ ಬಂದವು.

ಶಂಭುಲಿಂಗ ಕೊನೆಯ ಸ್ಕ್ರೂ ಬಿಗಿದ. "ನೋಡು, ಇನ್ನ ಭಾಳ ಫಾಸ್ಟ್ ಆಗ್ತದ. ಆಲ್ಬಮ್ ಫೋಲ್ಡರ್ ಹಾಕು. ಕ್ಯಾಮೆರಾದಿಂದ ಇಳಿಸಿದ ಮೂಲ ಫೈಲ್ ಅಳಿಸಿಬಿಡು, ಜಾಗ ಸಾಲಂಗಿಲ್ಲ." ಯಶವಂತನಗರದಲ್ಲಿ ಯಾವುದೋ ಕಂಪನಿಯ ಸಮಾರಂಭವಿತ್ತು. ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಕಾವ್ಯ ಆಲ್ಬಮ್ ಫೋಲ್ಡರ್ ಹಾಕಿದಳು. ಅಬ್ಬಾ, ಎಂಥ ವೇಗ. ಮುಖಗಳು ಸಾಲುಸಾಲಾಗಿ ಬಂದು ಕೂತವು. ಅವಳಿಗೆ ಅನುಮಾನವಿದ್ದದ್ದು ಗಾಳೆಪ್ಪನ ಮೇಲೆ. ಕ್ಲಾರಿಯೋನೆಟ್ ಊದುವವನು, ಯಾವ ಮದುವೆಯಲ್ಲೂ ಒಳಗಿನ ಕೋಣೆಯ ಹತ್ತಿರವೇ ಸುಳಿಯುವವನು. ಅವನ ಮುಖದ ಕೆಳಗೆ ಎರಡೇ ಮದುವೆ ಬಿತ್ತು. ಅಡುಗೆಯವರಿಗೆ ಮೂರು. ನಾಲ್ಕು ಅಂತ ಬಿದ್ದದ್ದು ಒಂದೇ ಒಂದು ಮುಖಕ್ಕೆ. ಹಂಪಮ್ಮ.

 ತಾನೇ ತಾಯಿಯ ಮೇಲೆ ಸಾಕ್ಷಿ ತಯಾರು ಮಾಡಿ ಕೂತಂತಾಯಿತಲ್ಲ ಎಂದು ಕಾವ್ಯಳಿಗೆ ಅಳು ಬಂತು. ಗಂಟೆ ಮೂರೂ ನಲವತ್ತು.

ಹಂಪಮ್ಮ ಯಾವಾಗಲೋ ಬಂದು ಬೆನ್ನ ಹಿಂದೆ ನಿಂತಿದ್ದಳು. "ಸಾಕು ಬಿಡವ್ವ. ಇನ್ನ ಹುಡುಕಬ್ಯಾಡ. ನನಗ ವಯಸ್ಸಾಗೈತಿ, ಎಲ್ಲಿದ್ರೇನು."

"ಸುಮ್ನಿರವ್ವ."

ಮೂಲ ಫೈಲುಗಳು ಇನ್ನೂ ಇದ್ದವು. ಅಳಿಸಲು ಪುರುಸೊತ್ತು ಯಾರಿಗಿತ್ತು? ತಿದ್ದದ, ಕತ್ತರಿಸದ ಹನ್ನೆರಡು ಸಾವಿರ ಫೋಟೋ. ಅಷ್ಟನ್ನೂ ಒಟ್ಟಿಗೆ ಸುರಿದಳು. ಫ್ಯಾನು ಗುಯ್ಯೆಂದಿತು. ನಲವತ್ತು ಪರ್ಸೆಂಟ್. ಎಪ್ಪತ್ತು. ತೊಂಬತ್ತಕ್ಕೆ ಬಂದು ನಿಂತೇಬಿಟ್ಟಿತು. ಹೊರಗೆ ಜೀಪು ನಿಂತ ಸದ್ದು.

ಪರದೆಯ ಮೇಲೆ ಇನ್ನೊಂದು ಮುಖ ಬಂತು. ಬೆರಳುಗುರಿನಷ್ಟು. ಕೆಳಗೆ ನಾಲ್ಕು.

"ಸಿಕ್ತವ್ವ," ಅಂದಳು ಕಾವ್ಯ. ಜೀವ ಬಂದಂತಾಯಿತು. ಕಂಪ್ಲಿಯ ಫೋಟೋ ಒತ್ತಿದಳು. ಕಣ್ಣು ಮಿಟುಕಿಸುವುದರಲ್ಲಿ ಅದು ಪರದೆ ತುಂಬ ತೆರೆದುಕೊಂಡಿತು.

ತಲೆ ತಗ್ಗಿಸಿ ಕೂತ ಮದುಮಗಳ ಎದುರಿನ ನಿಲುವುಗನ್ನಡಿ. ಕನ್ನಡಿಯೊಳಗೆ ಶಂಭುಲಿಂಗ. ಎದೆಯ ಮಟ್ಟಕ್ಕೆ ಇಳಿಸಿ ಹಿಡಿದ ಕ್ಯಾಮೆರಾದ ಗುಂಡಿ ತಾನಾಗಿ ಒತ್ತಿಹೋಗಿತ್ತು. ಇನ್ನೊಂದು ಕೈಯಿಂದ ಜುಮುಕಿ ಬ್ಯಾಗಿನೊಳಗೆ ಇಳಿಯುತ್ತಿತ್ತು. ಅವನ ಪಕ್ಕದಲ್ಲೇ ಹಂಪಮ್ಮ. ಜಡೆ ಹೆಣೆಯುವ ಕೈ ನಿಂತುಹೋಗಿತ್ತು, ಕಣ್ಣು ಮಗನ ಕೈಯ ಮೇಲಿತ್ತು.

ಬಾಗಿಲಲ್ಲಿ ದೊಡ್ಡಬಸಪ್ಪ ಚಪ್ಪಲಿ ಬಿಡುತ್ತಿದ್ದ. "ಏನಮ್ಮ, ಸಿಕ್ತೇನು ಮುಖ?"

ಹಂಪಮ್ಮ ಬಗ್ಗಿ ಮಗಳ ಕೈಯನ್ನು ಮೌಸಿನ ಮೇಲೆ ಒತ್ತಿ ಹಿಡಿದು, ಅವಳಿಗಷ್ಟೇ ಕೇಳುವಂತೆ ಅಂದಳು, "ಅಣ್ಣನ್ನ ಎಲ್ಲಾ ಫೋಟೋದಾಗೂ ನೀನಾ ಒರೆಸಿದಿ. ಇದೊಂದರಾಗ ಒರೆಸಾಕ ಏನವ್ವ?"