ನಿಂತ ಲೋಲಕ

ತಂದೆಯನ್ನು ಮಣ್ಣು ಮಾಡಿ ಬಂದ ಗೆಬ್‌ಹಾರ್ಟ್, ಜರ್ಮನಿಯ ಕಪ್ಪುಕಾಡಿನ ಹಿಮ ಮೆತ್ತಿದ ಬೂಟಿನಲ್ಲೇ, ಮನೆತನದ ಗಡಿಯಾರ ಕಾರ್ಖಾನೆಯಲ್ಲಿ ತಯಾರಾದ ಮೊಟ್ಟಮೊದಲ ಗಡಿಯಾರದ ಎದುರು ಕೈಕಟ್ಟಿ ನಿಂತ. ಯಜಮಾನ ಸತ್ತ ಗಳಿಗೆಗೆ ಅದನ್ನು ನಿಲ್ಲಿಸುತ್ತಾರೆ; ಮಣ್ಣಾದ ಮೇಲೆ ಲೋಲಕವನ್ನು ತೂಗಿಬಿಟ್ಟವರದೇ ಕಾರ್ಖಾನೆ. ಐದು ತಲೆಮಾರಿನಿಂದ ಅದನ್ನು ತೂಗಿಬಿಟ್ಟದ್ದು ಹಿರಿಮಗನ ಕೈಯೇ. ಕೆಲಸಗಾರರು ಟೋಪಿ ತೆಗೆದು ಕಾದಿದ್ದರು.

"ಮುಟ್ಟೋ," ಎಂದಳು ತಾಯಿ.

"ಕಾರ್ಖಾನೆ ಮಾರೋದು ಅಂತ ಮಾತಾಗಿದೆಯಲ್ಲಮ್ಮ. ಇನ್ಯಾಕೆ ಈ ಶಾಸ್ತ್ರ?"

"ಹಾಗಾದ್ರೆ ಇದನ್ನ ನಿಲ್ಲಿಸಿದ್ದು ನಿಮ್ಮಪ್ಪನ ಸಾವಲ್ಲ, ನೀನು."

ಗೆಬ್‌ಹಾರ್ಟ್ ತಲೆ ತಗ್ಗಿಸಿದ. ಕೈ ಮಾತ್ರ ಮೇಲೇಳಲಿಲ್ಲ. ಅವನ ತಂಗಿ ನೋಟ್‌ಬುರ್ಗಾ ಕಪ್ಪು ಕೈಗವಸು ಕಳಚಿ, ಹಿತ್ತಾಳೆಯ ಕಲೆ ಕೂತ ಬೆರಳಿನಿಂದ ಲೋಲಕವನ್ನು ಮೆಲ್ಲಗೆ ತಳ್ಳಿದಳು. ಟಿಕ್ ಎಂದಿತು.

ಮುದುಕ ಮೇಸ್ತ್ರಿ ಅಲೋಯ್ಸ್ ಟೋಪಿ ತಲೆಗಿಟ್ಟು ಅವಳತ್ತ ತಿರುಗಿದ. "ನಾಳೆ ಎಷ್ಟೊತ್ತಿಗೆ ಬರ್ಬೇಕು, ಯಜಮಾನ್ತಿ?"