ತಂತಿ ಕಾಣಬಾರದು

ಕೋರೆಹಲ್ಲನ್ನು ಉಜ್ಜುವ ಯಂತ್ರ ಬಾಯಿಯ ಹತ್ತಿರ ಬರುತ್ತಿದ್ದಂತೆ, ದಾವಣಗೆರೆಯ ಆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿದ್ದ ಶಮೀಮ್ ಡಾಕ್ಟರ್ ಸುಧಾಳ ಕೈ ತಡೆದಳು. "ತಂತಿ ಕಾಣಂಗಿಲ್ಲ ಅಲ್ವಾ ಮೇಡಂ? ನಾನು ಹರಿಹರದಾಗೆ ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳೋಳು. ಕಂಡ್ರೆ 'ತಂತಿ ಟೀಚರ್' ಅಂತ ಹೆಸರಿಟ್ಟುಬಿಡ್ತಾವೆ."

"ಕಾಣಲ್ರಿ," ಎಂದಳು ಸುಧಾ. ಮುಂದಿನ ಹಲ್ಲುಗಳು ಬಿದ್ದ ಜಾಗಕ್ಕೆ ಬರುವ ಕಟ್ಟುಹಲ್ಲಿನ ಸೆಟ್ಟನ್ನು ಹಿಡಿಯಲು ತಂತಿ ಕೋರೆಹಲ್ಲನ್ನು ಸುತ್ತಿ ಕೂರಬೇಕಿತ್ತು. ಅದಕ್ಕಾಗಿ ಗಟ್ಟಿಯಾಗಿರುವ ಹಲ್ಲನ್ನೇ ತುಸು ಸವೆಸಿ, ಆಮೇಲೆ ಅಚ್ಚು ತೆಗೆಯಬೇಕು. ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ತುಟಿ ಎಷ್ಟು ಏಳುತ್ತದೆಂದು ತಿಳಿಯಲು ಸುಧಾ ಆಗಲೇ ಅವಳನ್ನು ನಗಲು ಹೇಳಿ ನೋಡಿದ್ದಳು; ತುಟಿ ಹಲ್ಲನ್ನು ಮುಚ್ಚಿಕೊಂಡೇ ಇತ್ತು. ಆದರೂ ಯಂತ್ರದ ಪೆಡಲಿನ ಮೇಲಿಟ್ಟ ಪಾದ ಒತ್ತಲು ಹಿಂಜರಿಯಿತು. "ಇನ್ನೊಂದು ಸಲ ನಗ್ರಿ."

ಶಮೀಮ್ ನಕ್ಕಳು. ಜೊತೆಗೆ ಬಂದಿದ್ದ ಮಗಳು ಸಾಯಿಮಾ ಬಗ್ಗಿ ನೋಡಿದಳು. "ಇದು ನಗು ಅಲ್ಲ ಮೇಡಂ, ಆಧಾರ್ ಕಾರ್ಡಿನ ಫೋಟೋ! ಹಲ್ಲು ಬಿದ್ದಾಗಿಂದ ಅಮ್ಮಿ ಹಿಂಗೇ. ನಮ್ಮ ಅಬ್ಬಾ ಜೋಕ್ ಹೇಳಿದ್ರೂ ಸತ್ತೋರ ಮನೇಗೆ ಬಂದಂಗೆ ಕೂತಿರ್ತಾಳೆ."

ಶಮೀಮ್‌ಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಕೈ ತಾನಾಗಿ ಬಾಯಿಯ ಕಡೆ ಹೋಯಿತು. ಸುಧಾ ಅದನ್ನು ಅರ್ಧದಲ್ಲೇ ಹಿಡಿದಳು. ತುಟಿ ಒಸಡಿನವರೆಗೂ ಸರಿದಿತ್ತು. ಕೋರೆಹಲ್ಲು ಪೂರ್ತಿ ಕಾಣುತ್ತಿತ್ತು, ತಂತಿ ಕೂರಬೇಕಾದ ಜಾಗ ಸಮೇತ.

ಡಾಕ್ಟರ ಮುಖ ನೋಡಿ ಶಮೀಮಳ ನಗು ನಿಂತಿತು. "ಏನಾತು ಮೇಡಂ? ಹಲ್ಲು ಹಾಳಾತಾ?"

ಸುಧಾ ಪೆಡಲಿನಿಂದ ಪಾದವನ್ನು ಮೆಲ್ಲಗೆ ಹಿಂದೆಳೆದುಕೊಂಡಳು. "ಇಲ್ರಿ," ಎಂದಳು. "ಇನ್ನೂ ಮುಟ್ಟಿಲ್ಲ."